ಮನೆತನ, ಸೊಂಟದ ಸುತ್ತಳತೆ, ಮಂದ ಉರಿಯೂತ: ಇನ್ನಂಜೆ ಸುತ್ತಿನ ಯುವಜನರ ಕುರಿತು ಒಂದು ಸಂಶೋಧನಾ ಟಿಪ್ಪಣಿ

ಜ್ವರವಿಲ್ಲದ, ಗಾಯವಿಲ್ಲದ, ಯಾವ ನೋವನ್ನೂ ಹೇಳಿಕೊಳ್ಳದ ಇಪ್ಪತ್ತೈದರ ಹರೆಯದವರ ರಕ್ತದಲ್ಲೂ ಉರಿಯೂತದ ಗುರುತು ಸಿಗುತ್ತದೆ. ಪ್ರಮಾಣ ಸಣ್ಣದು. ಆದರೆ ವರ್ಷಗಟ್ಟಲೆ ಹಾಗೆಯೇ ಉಳಿದವರಿಗೆ ಮುಂದೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ ಬರುವ ಸಂಭವ ಹೆಚ್ಚು. ವೈದ್ಯರು ಇದನ್ನು ಮಂದ ಉರಿಯೂತ ಎನ್ನುತ್ತಾರೆ. ಹುಟ್ಟಿದ ಮನೆ, ಓದು, ಮನೆಗೆ ಬರುವ ದುಡಿಮೆ ಇವಕ್ಕೂ ಮಂದ ಉರಿಯೂತಕ್ಕೂ ಏನು ನಂಟು, ಆ ನಂಟಿನಲ್ಲಿ ದೇಹದ ಕೊಬ್ಬಿನ ಪಾಲೆಷ್ಟು ಎಂಬುದು ಈ ಟಿಪ್ಪಣಿಯ ವಿಷಯ. ಪ್ರಶ್ನೆಯನ್ನು ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಇನ್ನಂಜೆಯನ್ನು ಕಣ್ಣೆದುರು ಇಟ್ಟುಕೊಂಡು ಕೇಳುತ್ತಿದ್ದೇನೆ. ಅಮೆರಿಕ, ಇಂಗ್ಲೆಂಡಿನ ಪೇಟೆಗಳಲ್ಲಿ ಸಿಕ್ಕ ಉತ್ತರ ಇಲ್ಲಿಗೆ ಹಾಗೆಯೇ ಹೊಂದದು ಎಂಬುದು ನನ್ನ ವಾದದ ಒಂದು ಭಾಗ. ಆ ಉತ್ತರವನ್ನು ಓದುವ ಕ್ರಮದಲ್ಲೇ ಒಂದು ದೋಷ ನುಸುಳಿದೆ ಎಂಬುದು ಇನ್ನೊಂದು, ಹೆಚ್ಚು ಮುಖ್ಯವಾದದ್ದು.

ಮೊದಲು ಅಳತೆಯ ಮಾತು. ಇಂಥ ಅಧ್ಯಯನಗಳಲ್ಲಿ ಹೆಚ್ಚಾಗಿ ಅಳೆಯುವುದು ಸಿ-ರಿಯಾಕ್ಟಿವ್ ಪ್ರೋಟೀನನ್ನು, ಲ್ಯಾಬಿನವರ ಮಾತಿನಲ್ಲಿ ಸಿಆರ್‌ಪಿಯನ್ನು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ಇದನ್ನು ತಯಾರಿಸುವುದು ಯಕೃತ್ತು. ತಯಾರಿಸಲು ಸೂಚನೆ ಕೊಡುವುದು ಮುಖ್ಯವಾಗಿ ಇಂಟರ್ಲ್ಯೂಕಿನ್-6 ಎಂಬ ವಸ್ತು. ರಕ್ತದಲ್ಲಿ ಇದರ ಅರ್ಧಾಯುಷ್ಯ ಸುಮಾರು 19 ಗಂಟೆ. ಆರೋಗ್ಯವಂತರಲ್ಲೂ ರೋಗಿಗಳಲ್ಲೂ ಅದು ಅಷ್ಟೇ ಇರುವುದರಿಂದ ರಕ್ತದಲ್ಲಿ ಕಾಣುವ ಪ್ರಮಾಣವೆಂದರೆ ಯಕೃತ್ತು ತಯಾರಿಸುತ್ತಿರುವ ಪ್ರಮಾಣವೇ ಸರಿ. 2003ರಲ್ಲಿ ಅಮೆರಿಕದ ಹೃದ್ರೋಗ ಸಂಘ ಮತ್ತು ರೋಗ ನಿಯಂತ್ರಣ ಕೇಂದ್ರ ಸೇರಿ ಗೆರೆ ಎಳೆದವು: ಲೀಟರಿಗೆ 1 ಮಿಲಿಗ್ರಾಮಿಗಿಂತ ಕಡಿಮೆಯಿದ್ದರೆ ಹೃದಯದ ಅಪಾಯ ಕಡಿಮೆ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಹೆಚ್ಚು, 10 ದಾಟಿದರೆ ಸೋಂಕೋ ಗಾಯವೋ ಇರಬೇಕೆಂದು ತಿಳಿದು, ಅದು ಇಳಿದ ಮೇಲೆ ಮತ್ತೆ ಅಳೆಯಬೇಕು. ಜ್ವರ ಬಂದಾಗ ಪೇಟೆಯ ಲ್ಯಾಬಿನಲ್ಲಿ ಮಾಡಿಸುವ ಸಾಮಾನ್ಯ ಸಿಆರ್‌ಪಿ ಪರೀಕ್ಷೆಗೆ ಈ ಸಣ್ಣ ಅಂತರಗಳು ಕಾಣುವುದಿಲ್ಲ. ಅದಕ್ಕೆ ಹೈ-ಸೆನ್ಸಿಟಿವಿಟಿ ಪರೀಕ್ಷೆಯೇ ಆಗಬೇಕು.

ಇನ್ನು ಕೊಬ್ಬು. ಅದು ಉಳಿದ ಶಕ್ತಿಯನ್ನು ಕೂಡಿಡುವ ಜಾಗ ಮಾತ್ರ ಎಂಬ ನಂಬಿಕೆ 1993ರಲ್ಲಿ ಬಲವಾಗಿ ಅಲುಗಾಡಿತು. ಬೊಜ್ಜು ಬೆಳೆದ ಇಲಿಗಳ ಕೊಬ್ಬಿನ ಅಂಗಾಂಶವೇ ಟಿಎನ್‌ಎಫ್-ಆಲ್ಫಾ ಎಂಬ ಉರಿಯೂತದ ವಸ್ತುವನ್ನು ಹೊರಬಿಡುತ್ತದೆಂದು ಹೋತಮಿಸ್ಲಿಗಿಲ್ ಮತ್ತು ಸ್ಪೀಗಲ್‌ಮನ್ ತಂಡ ತೋರಿಸಿತು. ಹತ್ತು ವರ್ಷಗಳ ಬಳಿಕ, 2003ರಲ್ಲಿ, ಎರಡು ಬೇರೆ ಬೇರೆ ತಂಡಗಳು ಅದರ ಒಳಗನ್ನು ಬಿಡಿಸಿ ನೋಡಿದವು. ಉಬ್ಬಿದ ಕೊಬ್ಬಿನ ಕೋಶಗಳ ಸುತ್ತ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಬಂದು ನೆಲೆಸುತ್ತವೆ, ಉರಿಯೂತದ ವಸ್ತುಗಳಲ್ಲಿ ದೊಡ್ಡ ಪಾಲು ಅವುಗಳದ್ದೇ. ಚರ್ಮದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯೊಳಗೆ ಕರುಳಿನ ಸುತ್ತ ಕೂಡುವ ಕೊಬ್ಬು ಹೆಚ್ಚು ಕೆಡುಕಿನದು. ಅಲ್ಲಿಂದ ಹೊರಟ ಇಂಟರ್ಲ್ಯೂಕಿನ್-6 ರಕ್ತದ ಜೊತೆ ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಕೊಬ್ಬಿನಿಂದ ಉರಿಯೂತವೋ, ಉರಿಯೂತದಿಂದ ಕೊಬ್ಬೋ ಎಂಬ ಸಂದೇಹವನ್ನು ವಂಶವಾಹಿಗಳ ಅಧ್ಯಯನಗಳು ಬಹುಮಟ್ಟಿಗೆ ಬಗೆಹರಿಸಿವೆ. ಹುಟ್ಟಿನಿಂದಲೇ ತೂಕ ಹೆಚ್ಚಿಸುವ ವಂಶವಾಹಿ ಪಡೆದವರಲ್ಲಿ ಸಿಆರ್‌ಪಿಯೂ ಹೆಚ್ಚು. ಸಿಆರ್‌ಪಿ ಹೆಚ್ಚಿಸುವ ವಂಶವಾಹಿ ಪಡೆದವರಲ್ಲಿ ಮಾತ್ರ ತೂಕ ಹೆಚ್ಚಿಲ್ಲ.

ಆದರೆ ನಮ್ಮ ಜನರಲ್ಲಿ ಈ ಕೊಬ್ಬು ತೂಕದ ಯಂತ್ರಕ್ಕೆ ಸುಲಭವಾಗಿ ಸಿಗುವುದಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಚ್ಚು ಹಾಕಿಸಿದರು. ಇಬ್ಬರ ದೇಹ ತೂಕ ಸೂಚ್ಯಂಕವೂ 22.3. ದೇಹದ ಕೊಬ್ಬು ಯುಡ್ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2. ಪುಣೆ ಬಳಿಯ ಹಳ್ಳಿಗಳಲ್ಲಿ 1993ರಿಂದ ನಡೆದ ತಾಯಂದಿರ ಪೋಷಣೆಯ ಅಧ್ಯಯನ ಇದರ ಬೇರು ಗರ್ಭದಲ್ಲೇ ಇದೆಯೆಂದು ಸೂಚಿಸಿತು. ಅಲ್ಲಿನ ನವಜಾತ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ಎಷ್ಟೋ ಸಣ್ಣವು. ಕೊರತೆ ಬಿದ್ದದ್ದು ಸ್ನಾಯುವಿಗೆ, ಅಂಗಾಂಗಗಳಿಗೆ. ಕೊಬ್ಬು ಮಾತ್ರ ಹೆಚ್ಚುಕಡಿಮೆ ಉಳಿದುಕೊಂಡಿತ್ತು. ಕರಾವಳಿಯಲ್ಲಿ ನಾವು ‘ಸಪೂರ ಇದ್ದಾನೆ’ ಎಂದು ನೆಮ್ಮದಿಯಿಂದ ಹೇಳುವ ಹುಡುಗನ ಹೊಟ್ಟೆಯೊಳಗೆ ಏನಿದೆ ಎಂಬುದು ಸೊಂಟಕ್ಕೆ ಟೇಪು ಸುತ್ತಿದರೆ ಗೊತ್ತಾದೀತು, ತೂಕದಿಂದ ಗೊತ್ತಾಗದು. ಈ ಕಾರಣಕ್ಕೇ 2009ರ ಭಾರತೀಯ ಒಮ್ಮತದ ಮಾರ್ಗಸೂಚಿ ಸೂಚ್ಯಂಕ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು ಎಂದಿತು. ಸೊಂಟದ ಸುತ್ತಳತೆಯ ಗೆರೆಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಎಂದು ಇಟ್ಟಿತು. ಲಂಡನ್ನಿನಲ್ಲಿ ನೆಲೆಸಿದ ಭಾರತೀಯ ಮೂಲದ ಗಂಡಸರ ಸಿಆರ್‌ಪಿ ಅಲ್ಲಿನ ಬಿಳಿಯರಿಗಿಂತ ಶೇ. 17ರಷ್ಟು ಹೆಚ್ಚಿದೆಯೆಂದು 2001ರಲ್ಲಿ ಬಂದ ಒಂದು ವರದಿ ಹೇಳಿತ್ತು. ಆ ಹೆಚ್ಚಳವೂ ನಡುಭಾಗದ ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧದಿಂದಲೇ ವಿವರಣೆಗೆ ಸಿಕ್ಕಿತು.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಗೆ ದೊಡ್ಡ ಆಧಾರ ಮೈಸೂರು. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕಗಳಲ್ಲಿದ್ದ ಮಕ್ಕಳನ್ನು ಅವರ ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದ ಫಲ 1996ರಲ್ಲಿ ಪ್ರಕಟವಾಯಿತು. 45 ದಾಟಿದವರ ಪೈಕಿ, ಹುಟ್ಟುವಾಗ 2.5 ಕೆ.ಜಿ. ಅಥವಾ ಅದಕ್ಕೂ ಕಡಿಮೆ ತೂಗಿದವರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಶೇ. 11, ಮೂರು ಕೆ.ಜಿ.ಗಿಂತ ಚೆನ್ನಾಗಿ ಮೇಲಿದ್ದವರಲ್ಲಿ ಶೇ. 3. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಆರಂಭಿಸಿದ ಪಾರ್ಥೆನಾನ್ ಅಧ್ಯಯನದ ಮಕ್ಕಳು ಈಗ ಯುವಜನರು. ಹೆರಿಗೆ ಕೋಣೆಯ ದಾದಿಯರು ದಿನವೂ ನಿಯತ್ತಿನಿಂದ ಬರೆದ ಸಾಲುಗಳ ಮೇಲೆ ಇಷ್ಟು ದೊಡ್ಡ ವಿದ್ಯೆ ನಿಂತಿದೆ ಎಂಬುದು ನನಗೆ ಯಾವತ್ತೂ ಗೌರವದ ಸಂಗತಿ.

ಈಗ ನಂಟಿನ ಓದಿಗೆ ಬರುತ್ತೇನೆ. ಅಮೆರಿಕದ ನಾಲ್ಕು ನಗರಗಳಲ್ಲಿ 1985–86ರಲ್ಲಿ 18ರಿಂದ 30 ವರ್ಷದ 5,115 ಮಂದಿಯನ್ನು ಸೇರಿಸಿಕೊಂಡು ದಶಕಗಟ್ಟಲೆ ಹಿಂಬಾಲಿಸಿದ ಕಾರ್ಡಿಯಾ ಅಧ್ಯಯನವೂ ಸೇರಿದಂತೆ ಅಲ್ಲಿನ ಹಲವು ವರದಿಗಳ ಸಾರ ಒಂದೇ ತೆರನಾದದ್ದು: ಓದು, ವರಮಾನ ಕಡಿಮೆಯಿದ್ದವರಲ್ಲಿ ಉರಿಯೂತ ಹೆಚ್ಚು. ಲೆಕ್ಕ ಮಾಡುವ ಕ್ರಮ ಹೀಗೆ. ಮೊದಲ ಹೆಜ್ಜೆಯಲ್ಲಿ ಸಾಮಾಜಿಕ ಹಿನ್ನೆಲೆ ಮತ್ತು ಸಿಆರ್‌ಪಿ ಎರಡನ್ನೇ ಇಟ್ಟು ನೋಡುತ್ತಾರೆ, ವ್ಯತ್ಯಾಸ ಕಾಣುತ್ತದೆ. ಎರಡನೆಯ ಹೆಜ್ಜೆಯಲ್ಲಿ ದೇಹದ ಕೊಬ್ಬನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ವ್ಯತ್ಯಾಸ ಕುಗ್ಗುತ್ತದೆ, ಕೆಲವೊಮ್ಮೆ ಪೂರ್ತಿ ಅಳಿಸಿಹೋಗುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ. ಆದರೆ ಬಳಿಕ ಎಷ್ಟೋ ಪ್ರಬಂಧಗಳ ಕೊನೆಗೆ ಒಂದು ವಾಕ್ಯ ಬರುತ್ತದೆ: ಕೊಬ್ಬನ್ನು ಗಣನೆಗೆ ತಂದಾಗ ಸಾಮಾಜಿಕ ಹಿನ್ನೆಲೆಗೆ ಸ್ವತಂತ್ರ ಸಂಬಂಧ ಉಳಿಯಲಿಲ್ಲ. ಓದಿದವರು ಇದನ್ನು ‘ಬಡತನ ಕಾರಣವಲ್ಲ, ಬೊಜ್ಜು ಕಾರಣ’ ಎಂದು ತಿಳಿಯುತ್ತಾರೆ. ತೋಡಿಗೆ ಕಟ್ಟ ಹಾಕಿ, ತೋಟಕ್ಕೆ ನೀರು ಬಾರದ್ದನ್ನು ತೋರಿಸಿ, ಹೊಳೆಗೂ ಈ ತೋಟಕ್ಕೂ ಸಂಬಂಧವೇ ಇಲ್ಲ ಎಂದು ವಾದಿಸಿದ ಹಾಗಾಯಿತು ಅದು. ಮನೆಯ ಸ್ಥಿತಿ ಉಣ್ಣುವುದನ್ನು, ದುಡಿಮೆಯ ಬಗೆಯನ್ನು, ನಿದ್ದೆಯನ್ನು ರೂಪಿಸಿ, ಅವು ಸೊಂಟದ ಕೊಬ್ಬನ್ನು ರೂಪಿಸಿ, ಆ ಕೊಬ್ಬು ಉರಿಯೂತ ತರುವುದಾದರೆ ಕೊಬ್ಬು ನಡುವಿನ ದಾರಿ. ದಾರಿಯನ್ನು ಲೆಕ್ಕದಲ್ಲಿ ಮುಚ್ಚಿದ ಮೇಲೆ ಸಂಬಂಧ ಕಾಣದೆ ಹೋದರೆ, ಸಂಬಂಧ ಆ ದಾರಿಯಲ್ಲೇ ಬರುತ್ತಿತ್ತು ಎಂದಷ್ಟೇ ತಿಳಿಯಬೇಕು.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಇನ್ನಂಜೆಯಂಥ ಕಡೆ ಅದೇ ಹೆಚ್ಚು ಕಾಡುತ್ತದೆ ಎಂಬುದು ನನ್ನ ಅನಿಸಿಕೆ. ಅನುಕೂಲಸ್ಥ ಮನೆಯಲ್ಲಿ ಕೊಬ್ಬು ಹೆಚ್ಚು ಎಂದಿಟ್ಟುಕೊಳ್ಳಿ, ಅದು ಸಿಆರ್‌ಪಿಯನ್ನು ಮೇಲೆತ್ತುತ್ತದೆ. ಕಷ್ಟದ ಮನೆಯಲ್ಲಿ ಕೊಬ್ಬು ಕಡಿಮೆ. ಆದರೆ ಒಲೆಯ ಹೊಗೆ, ವಸಡಿನ ರೋಗ, ತಂಬಾಕು, ಮಳೆಗಾಲದ ಸೋಂಕು ಹೆಚ್ಚು, ಅವೂ ಸಿಆರ್‌ಪಿಯನ್ನು ಮೇಲೆತ್ತುತ್ತವೆ. ಎರಡೂ ಒಂದನ್ನೊಂದು ಸರಿದೂಗಿಸಿ ಒಟ್ಟು ಲೆಕ್ಕದಲ್ಲಿ ವ್ಯತ್ಯಾಸವೇ ಕಾಣದೆ ಹೋಗಬಹುದು. ಆಗ ಸಂಶೋಧಕ ‘ಸಾಮಾಜಿಕ ಹಿನ್ನೆಲೆಗೂ ಉರಿಯೂತಕ್ಕೂ ನಂಟಿಲ್ಲ’ ಎಂದು ಬರೆದು ಮುಗಿಸಿದರೆ, ಬೇರೆ ಬೇರೆ ಕಾರಣಗಳಿಂದ ಬೇಯುತ್ತಿರುವ ಎರಡು ಗುಂಪುಗಳ ಸಂಕಟವನ್ನೂ ಅವನು ಕಾಣದೆ ಹೋದಂತೆ.

ಹೀಗೆ ಆಗಬಹುದೆಂಬುದಕ್ಕೆ ಹೊರಗಿನ ಆಧಾರಗಳಿವೆ. ಬ್ರೆಜಿಲಿನ ಪೆಲೋಟಸ್ ಪಟ್ಟಣದಲ್ಲಿ 1982ರಲ್ಲಿ ಆಸ್ಪತ್ರೆಗಳಲ್ಲಿ ಹುಟ್ಟಿದ 5,914 ಮಕ್ಕಳನ್ನು ಹಿಂಬಾಲಿಸಿದವರು ಅವರ 23ರ ಪ್ರಾಯದ ಸುಮಾರಿಗೆ ಸಿಆರ್‌ಪಿ ಅಳೆದರು. ಬಾಲ್ಯದಿಂದ ಯೌವನದವರೆಗಿನ ಆರ್ಥಿಕ ಸ್ಥಿತಿಗೂ ಸಿಆರ್‌ಪಿಗೂ ಇರುವ ನಂಟು ಗಂಡಸರಲ್ಲಿ ಒಂದು ಬಗೆ, ಹೆಂಗಸರಲ್ಲಿ ಇನ್ನೊಂದು ಬಗೆ ಇತ್ತು. ನಂಟಿನ ಬಹುಪಾಲು ಹಾದುಹೋದದ್ದು ದೇಹದ ಕೊಬ್ಬಿನ ಮೂಲಕ. ನಮಗೆ ಹತ್ತಿರದ ವೆಲ್ಲೂರಿನಲ್ಲಿ 26ರಿಂದ 32 ವರ್ಷದವರನ್ನು ಪರೀಕ್ಷಿಸಿದಾಗ ಮನೆಯ ಸವಲತ್ತು ಹೆಚ್ಚಿದಂತೆ ಬೊಜ್ಜೂ ಹೆಚ್ಚಿತ್ತು, ತಂಬಾಕು ಮತ್ತು ಮದ್ಯ ಮಾತ್ರ ಕೆಳಗಿನ ಸ್ತರದಲ್ಲಿ ಹೆಚ್ಚಿದ್ದವು. ದೆಹಲಿಯಲ್ಲಿ 1969–72ರಲ್ಲಿ ಹುಟ್ಟಿದವರ ಅಧ್ಯಯನ ಬಾಲ್ಯ ಮತ್ತು ಹದಿಹರೆಯದಲ್ಲಿ ಸೂಚ್ಯಂಕ ಬೇಗ ಬೇಗ ಏರಿದವರಲ್ಲಿ ಉರಿಯೂತದ ಗುರುತುಗಳು ಹೆಚ್ಚಿರುವುದನ್ನು ದಾಖಲಿಸಿದೆ. ಕರ್ನಾಟಕದ ಸ್ಥಿತಿಯನ್ನು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ: 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 30.1, ಗಂಡಸರಲ್ಲಿ ಶೇ. 30.9 ಮಂದಿಯ ತೂಕ ಅಧಿಕ. ಅದೇ ಹೆಂಗಸರಲ್ಲಿ ಶೇ. 17.2 ಮಂದಿ ಇರಬೇಕಾದುದಕ್ಕಿಂತ ಸಣಕಲು. ಹಸಿವೂ ಬೊಜ್ಜೂ ಒಂದೇ ಕೇರಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಇರುವ ಕಾಲವಿದು.

ಇನ್ನಂಜೆಗೆ ಬಂದರೆ ಕಷ್ಟವಾಗುವುದು ರಕ್ತ ತೆಗೆಯುವುದಲ್ಲ, ‘ಸಾಮಾಜಿಕ ಹಿನ್ನೆಲೆ’ಯನ್ನು ಅಳೆಯುವುದು. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ರೂಢಿಯಲ್ಲಿರುವುದು ಮೂರು ಮಾಪನ: ಪೇಟೆಗೆ ಕುಪ್ಪುಸ್ವಾಮಿಯವರ 1976ರದ್ದು, ಹಳ್ಳಿಗೆ ಉದಯ್ ಪಾರೀಕರ 1964ರದ್ದು, ವರಮಾನದ ಲೆಕ್ಕಕ್ಕೆ ಪ್ರಸಾದರ 1961ರದ್ದು. ಪಾರೀಕರ ಮಾಪನದಲ್ಲಿ ಜಾತಿ, ಕಸುಬು, ಓದು, ಭೂಮಿ, ಮನೆ, ಉಳುಮೆಯ ಎತ್ತು, ಸಾಮಾನು ಸರಂಜಾಮು, ಸಂಘಸಂಸ್ಥೆಗಳ ಸದಸ್ಯತ್ವ, ಕುಟುಂಬದ ಬಗೆ ಎಲ್ಲಕ್ಕೂ ಅಂಕವಿದೆ. ಉತ್ತರ ಭಾರತದ ಬಯಲು ಸೀಮೆಯ ಹಳ್ಳಿಗೆ ಆ ಕಾಲದಲ್ಲಿ ಅದು ಸರಿ ಹೊಂದಿರಬಹುದು. ಇಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ. ತಂದೆ ಮುಂಬಯಿಯ ಹೋಟೆಲಿನಲ್ಲಿ ದುಡಿದು ಮರಳಿದವರು, ತಾಯಿ ಬೀಡಿ ಕಟ್ಟುವವರು, ಅಣ್ಣ ಗಲ್ಫ್‌ನಲ್ಲಿ, ತಂಗಿ ಬಂಟಕಲ್ಲಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಭೂಮಿ ಮೂವತ್ತು ಸೆಂಟ್ಸ್, ಮನೆ ತಾರಸಿಯದು, ಕೈಯಲ್ಲಿ ಬಿಪಿಎಲ್ ಪಡಿತರ ಚೀಟಿ. ಮಾಪನದ ಯಾವ ಪೆಟ್ಟಿಗೆಗೆ ಹಾಕಿದರೂ ಈ ಮನೆಯ ಅರ್ಧ ಹೊರಗೇ ಉಳಿಯುತ್ತದೆ.

ಓದು, ಕಸುಬು ಕೇಳುವ ಮಾಪನಗಳು ಮೊದಲು ನೋಡುವುದು ಕುಟುಂಬದ ಯಜಮಾನನದ್ದನ್ನು. ತುಳುನಾಡಿನ ಬಂಟ, ಬಿಲ್ಲವ, ಮೊಗವೀರ ಮನೆಗಳಲ್ಲಿ, ತಾಯಿಯ ಕಡೆಯಿಂದ ಆಸ್ತಿ ಸಾಗುವ ಅಳಿಯ ಸಂತಾನದ ಕಟ್ಟು ಬಹುಕಾಲ ನಡೆಯಿತು. 1949ರ ಮದ್ರಾಸು ಅಳಿಯ ಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ದಾರಿ ಬದಲಾಯಿತು. ಕಾನೂನು ಬದಲಾದರೂ ಬಾಣಂತನ, ಕೂಸಿನ ಆರೈಕೆ, ಎಷ್ಟೋ ಮಕ್ಕಳ ಶಾಲೆಯ ದಿನಗಳು ತಾಯಿಮನೆಯಲ್ಲೇ ಕಳೆಯುವುದು ಪೂರ್ತಿ ನಿಂತಿಲ್ಲ. ಕೂಸಿನ ಮೊದಲ ವರ್ಷಗಳೇ ಉರಿಯೂತದ ಪ್ರಶ್ನೆಗೆ ಮುಖ್ಯವಾಗಿರುವಾಗ ತಂದೆಯ ಕಸುಬನ್ನು ಮಾತ್ರ ಬರೆದುಕೊಂಡರೆ ಆ ಕೂಸು ಉಂಡ, ಉಸಿರಾಡಿದ ಮನೆ ನಮ್ಮ ಹಾಳೆಗೆ ಬರುವುದಿಲ್ಲ. ತಾಯಿಯ ಓದು ಮತ್ತು ತಾಯಿಮನೆಯ ಸ್ಥಿತಿಯನ್ನು ಬೇರೆಯಾಗಿ, ತಂದೆಯದಕ್ಕಿಂತ ಮೊದಲು ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಭೂಮಿಯ ಪ್ರಶ್ನೆಯೂ ಅಷ್ಟೇ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ರಾಜ್ಯದಲ್ಲೇ ಹೆಚ್ಚು ಫಲ ಕೊಟ್ಟದ್ದು ಆಗಿನ ದಕ್ಷಿಣ ಕನ್ನಡದಲ್ಲಿ. ಆ ಕಾಯ್ದೆಯಡಿ ಗೇಣಿ ಜಾಗಕ್ಕೆ ಡಿಕ್ಲರೇಷನ್ ಕೊಟ್ಟು ಅದನ್ನು ಪಡೆದ ಒಕ್ಕಲು ಮನೆಯ ಮೊಮ್ಮಗ, ಜಾಗ ಕಳೆದುಕೊಂಡ ಮನೆಯ ಮೊಮ್ಮಗ, ಡಿಕ್ಲರೇಷನ್ ಕೊಡಲು ಗೇಣಿಯೇ ಇರದಿದ್ದ ಕೂಲಿ ಮನೆಯ ಮೊಮ್ಮಗ ಮೂವರೂ ಇಂದು ಒಂದೇ ಬೈಕು, ಒಂದೇ ಮೊಬೈಲು ಇಟ್ಟುಕೊಂಡಿರಬಹುದು. ಸಾಮಾನಿನ ಪಟ್ಟಿ ಮೂವರನ್ನೂ ಸಮ ಎನ್ನುತ್ತದೆ. ಅವರ ಅಜ್ಜಿಯರು ಬಸುರಿಯಾಗಿದ್ದಾಗಿನ, ಮಳೆಗಾಲದ ಕೊರತೆಯ ಆಟಿ ತಿಂಗಳು ಸಮವಾಗಿರಲಿಲ್ಲ. ಸಣ್ಣ ತೂಕದ ಕೂಸಿನಲ್ಲಿ ಸ್ನಾಯು ಕುಗ್ಗಿ ಕೊಬ್ಬು ಉಳಿಯುತ್ತದೆಂಬ ಪುಣೆಯ ಪಾಠವನ್ನು ಒಪ್ಪುವುದಾದರೆ, ಎರಡು ತಲೆಮಾರಿನ ಹಿಂದೆ ಆ ಮನೆಯ ಅನ್ನ ಯಾವ ಗದ್ದೆಯದು, ಎತ್ತರದ ಬೆಟ್ಟೋ ನಡುವಿನ ಮಜಲೋ ತಗ್ಗಿನ ಬೈಲೋ, ಸ್ವಂತದ್ದೋ ಗೇಣಿಯದೋ ಎಂದು ಕೇಳುವುದು ಇತಿಹಾಸದ ಕುತೂಹಲಕ್ಕೆ ಮಾತ್ರವಲ್ಲ, ಜೀವಶಾಸ್ತ್ರಕ್ಕೂ ಬೇಕು.

ದುಡಿಮೆಯ ಬಗೆಗೆ ಮಾಪನಗಳು ಇನ್ನೂ ಕುರುಡು. ಕಾರ್ಕಳದ ಗೇರುಬೀಜದ ಕಾರ್ಖಾನೆ, ಮನೆಯಲ್ಲಿ ಕೂತು ಕಟ್ಟುವ ಬೀಡಿ, ಇನ್ನಂಜೆಗೆ ತಾಗಿಕೊಂಡಂತಿರುವ ಶಂಕರಪುರದ ಮಲ್ಲಿಗೆ, ಇವು ಈ ಭಾಗದ ಹೆಂಗಸರ ಕೈಗೆ ಕಾಸು ತಂದ ಕೆಲಸಗಳು. ಮಾಪನದ ಭಾಷೆಯಲ್ಲಿ ಇದೆಲ್ಲ ಕೆಳಸ್ತರದ ದೈಹಿಕ ಶ್ರಮ. ಆದರೆ ಬೀಡಿ ಕಟ್ಟುವವಳ ದೇಹ ಗಂಟೆಗಟ್ಟಲೆ ಕದಲುವುದಿಲ್ಲ, ಓಡುವುದು ಬೆರಳುಗಳು. ಮುಂಜಾನೆ ಕೊಯ್ದ ಮಲ್ಲಿಗೆಯನ್ನು ಬಾಳೆಯ ನಾರಿನಲ್ಲಿ ಚೆಂಡು ಮಾಡಿ, ನಾಲ್ಕು ಚೆಂಡು ಕೂಡಿಸಿ ಅಟ್ಟೆ ಕಟ್ಟುವವಳದೂ ಅದೇ ಪಾಡು. ಬೀಡಿಯಲ್ಲಿ ತಂಬಾಕಿನ ಪುಡಿ ಬೇರೆ: ಸೇದದೆ ಬರೀ ಕಟ್ಟುವವರ ಮೂತ್ರದಲ್ಲೂ ನಿಕೋಟಿನ್ನಿನ ಶೇಷ ಸಿಕ್ಕಿರುವುದು ದಾಖಲಾಗಿದೆ. ಹಾಗಾಗಿ ‘ಶ್ರಮದ ಕೆಲಸ’ ಎಂಬ ಒಂದೇ ಅಂಕಣದಲ್ಲಿ ಗದ್ದೆಯ ನಾಟಿಯವಳನ್ನೂ ಬೀಡಿಯವಳನ್ನೂ ಸೇರಿಸುವುದು ಸಲ್ಲದು. ಊಟದ್ದೂ ಹೀಗೆಯೇ. ಕುಚ್ಚಲಕ್ಕಿ ಗಂಜಿ, ಬೂತಾಯಿ ಸಾರು ಇನ್ನೂ ಇದೆ, ಪಡಿತರದಲ್ಲಿ ಕುಚ್ಚಲಕ್ಕಿಯೇ ಬೇಕೆಂದು ಕರಾವಳಿ ಕೇಳುತ್ತಲೇ ಬಂದಿದೆ. ಅದರ ಪಕ್ಕದಲ್ಲಿ ಬಸ್ ಸ್ಟ್ಯಾಂಡಿನ ಬೇಕರಿಯ ಪಫ್ಸು, ಸಂಜೆಯ ಗೋಬಿ, ಬಾಟಲಿಯ ಸಿಹಿನೀರು ಬಂದು ಕೂತಿವೆ; ಕಿಸೆಯಲ್ಲಿ ಐವತ್ತು ರೂಪಾಯಿ ಇರುವ ಹುಡುಗನಿಗೆ ಹೊಟ್ಟೆ ತುಂಬಿಸುವ ಸುಲಭ ದಾರಿ ಅವೇ. ಅಡಿಕೆ, ಗುಟ್ಕಾ ಜಗಿಯುವುದು, ವಸಡಿನ ಸ್ಥಿತಿ, ಸೌದೆ ಒಲೆ, ಹೆಂಗಸರಲ್ಲಿ ಗರ್ಭನಿರೋಧಕ ಮಾತ್ರೆ ಇವೆಲ್ಲ ಸಿಆರ್‌ಪಿಯನ್ನು ಏರಿಸಬಲ್ಲವು, ಕೇಳಲೇಬೇಕು. ಮನೆಯು ಹೆದ್ದಾರಿಯಿಂದ, ಎಲ್ಲೂರಿನ 1,200 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದಿಂದ ಎಷ್ಟು ದೂರ ಎಂಬುದನ್ನೂ ಗುರುತಿಸಿಡುವುದು ಒಳ್ಳೆಯದು. ಗಾಳಿಯ ಸೂಕ್ಷ್ಮ ಕಣಗಳು ಉರಿಯೂತ ಹೆಚ್ಚಿಸುತ್ತವೆಂಬುದು ಬೇರೆಡೆ ಸಾಬೀತಾಗಿದೆ. ಇಲ್ಲಿ ಯಾವ ಮೂಲದ ಪಾಲು ಎಷ್ಟು ಎಂಬುದನ್ನು ಅಳತೆಯೇ ಹೇಳಬೇಕು.

ರಕ್ತ ತೆಗೆಯುವ ತಿಂಗಳೂ ಮುಖ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಡುಪಿ ಜಿಲ್ಲೆಯಲ್ಲಿ ಇಲಿಜ್ವರ, ಡೆಂಗಿ, ಮಲೇರಿಯಾ ತಿರುಗುತ್ತವೆ. ಕೆಸರಿನಲ್ಲಿ ಕಾಲಿಡುವವರಿಗೆ ಇಲಿಜ್ವರದ ಭಯ ಹೆಚ್ಚು. ಆ ತಿಂಗಳುಗಳಲ್ಲಿ ಒಮ್ಮೆ ಮಾತ್ರ ಅಳೆದರೆ ಗದ್ದೆ ಕೂಲಿಯವರ ಸಿಆರ್‌ಪಿ ಮೇಲೆ ಕಾಣುವುದು ಸಹಜ, ಅದಕ್ಕೆ ಬಡತನದ ಹೆಸರೋ ಕೊಬ್ಬಿನ ಹೆಸರೋ ಅಂಟಿಕೊಳ್ಳುವುದೂ ಸಹಜ. ಎರಡು ವಾರ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಸಾಧ್ಯವಿದ್ದರೆ ಅದೇ ಜನರನ್ನು ಮಳೆ ನಿಂತ ಮೇಲೆ, ಡಿಸೆಂಬರ್–ಜನವರಿಯಲ್ಲೂ ನೋಡಬೇಕು. 10 ದಾಟಿದವರನ್ನು ಪಟ್ಟಿಯಿಂದ ಸುಮ್ಮನೆ ಕೈಬಿಡುವ ರೂಢಿಯೂ ನನಗೆ ಸರಿ ಕಾಣುವುದಿಲ್ಲ. ಪದೇ ಪದೇ ಸೋಂಕಿಗೆ ಸಿಗುವುದೇ ಒಂದು ವರ್ಗದ ಬದುಕಾಗಿರುವಾಗ ಅವರನ್ನು ಹೊರಗಿಟ್ಟು ಮಾಡಿದ ಸರಾಸರಿ ಆ ವರ್ಗದ್ದಲ್ಲ. ಅವರ ಫಲಿತಾಂಶವನ್ನು ಬೇರೆಯಾಗಿ ಇಟ್ಟು, ಎಷ್ಟು ಮಂದಿ, ಯಾವ ಮನೆಗಳವರು ಎಂದು ತೋರಿಸಬೇಕು.

ಇನ್ನೊಂದು ಮಾತನ್ನು ಹೇಳದೆ ಇರಲಾರೆ. ಇನ್ನಂಜೆಯಿಂದ ಇಪ್ಪತ್ತು ಕಿಲೋಮೀಟರಿನೊಳಗೆ ಮಣಿಪಾಲವಿದೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದಂದಿನಿಂದ ಈ ಜಿಲ್ಲೆಯ ವೈದ್ಯಕೀಯ ತಿಳಿವಳಿಕೆಯ ಬಹುಪಾಲು ಅಲ್ಲಿಂದಲೇ ಬಂದಿದೆ. ಕಾಲೇಜು ಊರುಗಳಲ್ಲಿ ನಡೆಯುವ ‘ಯುವಜನರ ಅಧ್ಯಯನ’ಗಳಿಗೆ ಸುಲಭವಾಗಿ ಸಿಗುವವರು ಹಾಸ್ಟೆಲಿನ ವಿದ್ಯಾರ್ಥಿಗಳು, ಅವರು ದೇಶದ ಎಲ್ಲೆಡೆಯಿಂದ, ಬಹುತೇಕ ಅನುಕೂಲಸ್ಥ ಮನೆಗಳಿಂದ ಬಂದವರು. ಅಂಥ ಗುಂಪಿನಲ್ಲಿ ಸಾಮಾಜಿಕ ವ್ಯತ್ಯಾಸ ಎಷ್ಟು ಕಿರಿದೆಂದರೆ ಅಲ್ಲಿ ನಂಟು ಕಾಣದಿದ್ದರೆ ಅಚ್ಚರಿಯಿಲ್ಲ. ಅಂಥ ಫಲಿತಾಂಶವನ್ನು ಉಡುಪಿ ಜಿಲ್ಲೆಯ ಯುವಜನರ ಹೆಸರಿಗೆ ಬರೆಯಬಾರದು. ಅದೇ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗ ಕರಾವಳಿಯ ಹಳ್ಳಿಗಳಲ್ಲಿ ಗ್ರಾಮೀಣ ಹೆರಿಗೆ ಮತ್ತು ಶಿಶು ಕಲ್ಯಾಣ ಕೇಂದ್ರಗಳನ್ನು ನಡೆಸಿಕೊಂಡು ಬಂದಿದೆ. ಮನೆಮನೆಗೆ ಹೋಗುವ ಆ ಪರಿಚಯವೇ ಇಂಥ ಅಧ್ಯಯನಕ್ಕೆ ಬಾಗಿಲಾಗಬೇಕು.

ಬಾಲ್ಯದ ಸೋಂಕಿನ ವಿಷಯದಲ್ಲಿ ಫಿಲಿಪ್ಪೀನ್ಸಿನ ಸೆಬುವಿನಿಂದ ಬಂದ ಫಲಿತಾಂಶ ನಮ್ಮ ಎಣಿಕೆಯನ್ನೇ ತಿರುವಿಹಾಕುತ್ತದೆ. 1983ರಲ್ಲಿ ಆರಂಭವಾದ ಆ ಅಧ್ಯಯನದ ಮಕ್ಕಳು ಬೆಳೆದು ಇಪ್ಪತ್ತರ ಆಚೀಚೆ ಬಂದಾಗ ಥಾಮಸ್ ಮೆಕ್‌ಡೇಡ್ ಮತ್ತು ಸಂಗಡಿಗರು ಸಿಆರ್‌ಪಿ ಅಳೆದು 2010ರಲ್ಲಿ ವರದಿ ಮಾಡಿದರು. ಕೂಸಾಗಿದ್ದಾಗ ಸಾಕುಪ್ರಾಣಿಗಳ ಸೆಗಣಿ-ಹಿಕ್ಕೆಗಳ ನಡುವೆ ಆಡಿದವರಲ್ಲಿ, ಹೆಚ್ಚು ಸಲ ಭೇದಿಯಾದವರಲ್ಲಿ ದೊಡ್ಡವರಾದ ಮೇಲೆ ಸಿಆರ್‌ಪಿ ಕಡಿಮೆಯಿತ್ತು. ರಕ್ಷಣಾ ವ್ಯವಸ್ಥೆ ಎಳವೆಯಲ್ಲೇ ಸೂಕ್ಷ್ಮಜೀವಿಗಳ ಜೊತೆ ಪಳಗಿ, ಬೇಗ ಉರಿದು ಬೇಗ ತಣಿಯುವುದನ್ನು ಕಲಿಯುತ್ತದೆಂಬುದು ಅವರ ವಿವರಣೆ. ಭೇದಿ ಒಳ್ಳೆಯದೆಂದು ಇದರ ಅರ್ಥವಲ್ಲ, ಭೇದಿಯಿಂದ ಮಕ್ಕಳು ಸಾಯುತ್ತಾರೆ, ಬೆಳವಣಿಗೆ ಕುಂಠಿತವಾಗುತ್ತದೆ. ಆದರೆ ಬಡ ಬಾಲ್ಯವೆಂದರೆ ಹೆಚ್ಚು ಉರಿಯೂತ ಎಂಬ ನೇರ ಗೆರೆಯನ್ನು ಇದು ಅಳಿಸುತ್ತದೆ. ಇನ್ನಂಜೆಯಲ್ಲಿ ಇಂದು ಇಪ್ಪತ್ತೈದರಿಂದ ಮೂವತ್ತರವರೆಗಿನವರು ಹುಟ್ಟಿದ್ದು ಉಡುಪಿ ಬೇರೆ ಜಿಲ್ಲೆಯಾದ 1997, ಊರಿನ ಮೂಲಕ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ 1998ರ ಆಸುಪಾಸಿನಲ್ಲಿ. ಹಟ್ಟಿಯಲ್ಲಿ ದನ ಇದ್ದ ಮನೆ, ಹಟ್ಟಿ ಖಾಲಿಯಾದ ಮನೆ, ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದ ಮನೆ, ಇಂಟರ್‌ಲಾಕ್ ಹಾಕಿದ ಮನೆ ಆಗ ಒಂದರ ಪಕ್ಕ ಒಂದಿದ್ದವು. ನಿಮ್ಮ ಮಗ ಅಂಬೆಗಾಲಿಡುವಾಗ ಹಟ್ಟಿಯಲ್ಲಿ ಎಷ್ಟು ದನ ಇತ್ತು ಎಂದು ಕೇಳಿದರೆ ಯಾವ ತಾಯಿಯೂ ತಡವರಿಸದೆ ಹೇಳುತ್ತಾಳೆ, ಅದೂ ತುಳುವಿನಲ್ಲಿ ಕೇಳಿದರೆ. ಎರಡನೆಯ ವರ್ಷದ ತೂಕವೆಷ್ಟು ಎಂದರೆ ನೆನಪಿರುವುದಿಲ್ಲ. ಅದಕ್ಕೆ ಅಂಗನವಾಡಿಯ ಹಳೆಯ ಪುಸ್ತಕ, ಮನೆಯ ಟ್ರಂಕಿನಲ್ಲಿ ಉಳಿದ ಲಸಿಕೆ ಕಾರ್ಡು ಹುಡುಕಬೇಕು.

ಕೊರಗ ಮನೆಗಳ ವಿಷಯ ಪ್ರತ್ಯೇಕವಾದದ್ದು. ಉಡುಪಿ ಮತ್ತು ದಕ್ಷಿಣ ಕನ್ನಡದ ಕೊರಗರು ಸರಕಾರದ ಪಟ್ಟಿಯಲ್ಲಿ ವಿಶೇಷ ದುರ್ಬಲ ಬುಡಕಟ್ಟು. ಅವರನ್ನು ಕೀಳಾಗಿ ಕಂಡು ನಡೆಸಿಕೊಳ್ಳುವ ಅಜಲು ಎಂಬ ಅಮಾನುಷ ಪದ್ಧತಿಗೆ ಒಡ್ಡುವುದನ್ನು ನಿಷೇಧಿಸುವ ಕಾಯ್ದೆ ಬರಲು 2000ನೆಯ ಇಸವಿಯೇ ಬೇಕಾಯಿತು. ಅಪೌಷ್ಟಿಕತೆ, ರಕ್ತಹೀನತೆ ಅಲ್ಲಿ ಎಷ್ಟಿದೆಯೆಂದರೆ ಮಳೆಗಾಲದ ತಿಂಗಳುಗಳಿಗೆಂದು ಪೌಷ್ಟಿಕ ಆಹಾರದ ಕಿಟ್ ಕೊಡುವ ಯೋಜನೆಯನ್ನೇ ಸರಕಾರ ಮಾಡಬೇಕಾಯಿತು. ಕೊಬ್ಬು ಕಡಿಮೆ, ಸೋಂಕಿನ ಹೊರೆ ಹೆಚ್ಚು ಇರುವ ಈ ಯುವಜನರನ್ನು ‘ಪರಿಶಿಷ್ಟ ಜಾತಿ ಮತ್ತು ಪಂಗಡ’ ಎಂಬ ಒಂದೇ ಸಾಲಿಗೆ ಸೇರಿಸಿದರೆ ಕೊಬ್ಬಿಗೂ ಉರಿಯೂತಕ್ಕೂ ಇರುವ ನಂಟು ಆ ಸಾಲಿನಲ್ಲಿ ಕಲಸಿಹೋಗುತ್ತದೆ, ಅವರ ಕಾಯಿಲೆಯೂ ಕಾಣದೆ ಹೋಗುತ್ತದೆ. ಸಂಖ್ಯೆ ಸಣ್ಣದೆಂಬ ಕಾರಣಕ್ಕೆ ಸಂಖ್ಯಾಶಾಸ್ತ್ರಜ್ಞರು ಸೇರಿಸಿಬಿಡಿ ಎನ್ನುತ್ತಾರೆ, ಸೇರಿಸಬಾರದು. ಅವರ ಫಲಿತಾಂಶ ಮನೆ ಮನೆಯಾಗಿ, ಸರಾಸರಿಯಿಲ್ಲದೆ, ಬೇರೆಯಾಗಿಯೇ ಬರಲಿ. ಸಿಆರ್‌ಪಿಗೆಂದು ಒಂದು ಸಿರಿಂಜು ರಕ್ತ ತೆಗೆಯುವ ದಿನವೇ ಹಿಮೋಗ್ಲೋಬಿನ್ ನೋಡಿ, ಕೆಮ್ಮಿದ್ದವರ ಕಫ ಪರೀಕ್ಷೆ ಮಾಡಿಸಿ, ಚಿಕಿತ್ಸೆ ಯಾವ ಆಸ್ಪತ್ರೆಯಲ್ಲಿ, ಯಾರ ಖರ್ಚಿನಲ್ಲಿ ಎಂಬುದನ್ನು ಮೊದಲೇ ಬರೆದಿಟ್ಟುಕೊಂಡಿರಬೇಕು. ಆ ಏರ್ಪಾಡು ಆಗುವವರೆಗೆ ಆ ಮನೆಗಳಲ್ಲಿ ರಕ್ತ ತೆಗೆಯಲು ನೈತಿಕ ಸಮಿತಿಗಳು ಅನುಮತಿ ಕೊಡಬಾರದು.